ಭಾವನವರ ಕ್ಲಿಪ್‌ಬೋರ್ಡು

ಟಕ್. ಟಕ್. ಎಂಬತ್ತರ ದಶಕದ ಮೌಂಟನ್ ವ್ಯೂ ಊರೆಂದರೆ ನನ್ನ ಕಿವಿಗೆ ಇಂದಿಗೂ ಇದೇ. ಕ್ಲಿಪ್‌ಬೋರ್ಡಿನ ಕ್ಲಿಪ್ಪನ್ನು ಸುಮ್ಮನೆ ಎತ್ತಿ ಬಿಡುವ ಸದ್ದು. ಕ್ಯಾಲಿಫೋರ್ನಿಯಾಕ್ಕೆ ಲಾಟರಿ ತಂದವರು ಯಾರೆಂದು ಕೇಳಿದರೆ, ನನ್ನ ಗಂಡನ ಅಣ್ಣ ಎನ್ನಲು ನಾನು ಹಿಂಜರಿಯುವುದಿಲ್ಲ. ಅವರಿಗೆ ಇಲ್ಲಿ ವೋಟೇ ಇರಲಿಲ್ಲ ಎನ್ನುವುದು ಸಣ್ಣ ಡಿಟೇಲು.

ಹೆಂಡತಿ ತೀರಿಕೊಂಡ ಮೇಲೆ ಮೈಸೂರು ಬಿಟ್ಟು ನಮ್ಮಲ್ಲಿಗೆ ಬಂದ ಭಾವನವರಿಗೆ ಕೂತಲ್ಲಿ ಕೂರುವುದು ಗೊತ್ತಿರಲಿಲ್ಲ. ನಾವಿಬ್ಬರೂ ಆಫೀಸಿಗೆ ಹೋದರೆ ಅಪಾರ್ಟ್‌ಮೆಂಟಿನ ನಲ್ಲಿಗಳನ್ನು ಬಿಚ್ಚಿ ಜೋಡಿಸುತ್ತಿದ್ದರು. ಸಂಜೆ ಬಿಸಿನೀರಿನ ಕಡೆ ತಣ್ಣೀರು! ಅಷ್ಟರಲ್ಲಿ ಪಕ್ಕದ ಮನೆಯ ಅಮೆರಿಕನ್ ಮುದುಕ, ಲಾಟರಿಯ ಪ್ರಶ್ನೆಯನ್ನು ಮತಕ್ಕೆ ಹಾಕಬೇಕೆಂಬ ಅರ್ಜಿಗೆ ಜನರ ಸಹಿ ಕೇಳುತ್ತ ಗ್ರೋಸರಿ ಅಂಗಡಿಯ ಬಾಗಿಲಲ್ಲಿ ನಿಲ್ಲತೊಡಗಿದ. ಭಾವ ಬೋರ್ಡು ಹಿಡಿಯುವ ಅಸಿಸ್ಟೆಂಟಾದರು.

"ಲಾಟರಿ ಜೂಜಲ್ವಾ ಭಾವ? ಕಾನ್ವೆಂಟಲ್ಲಿ ಸಿಸ್ಟರ್ಸು ಅದನ್ನ ಸಿನ್ ಅಂತಿದ್ರು."

"ಸ್ಕೂಲ್ ಫೇಟಲ್ಲಿ ರಾಫಲ್ ಟಿಕೆಟ್ ಮಾರ್ತಿದ್ದೋರು ಯಾರಮ್ಮ?"

ನಾನೇ ಮಾರಿದ್ದೆ. ಅದನ್ನು ಇವರಿಗೆ ಹೇಳಿದವಳೂ ನಾನೇ.

ಮೊದಲ ದಿನವೇ ಅವರು ಹಾಳೆಯ ಮೂಲೆಮೂಲೆಗೂ ಕುಂಕುಮ ಹಚ್ಚಿದರು. ಮುದುಕ ಕನ್ನಡಕ ಏರಿಸಿ, "ಈಸ್ ದಿಸ್ ಬ್ಲಡ್?" ಎಂದ. ರಾಹುಕಾಲದಲ್ಲಿ ಯಾರಾದರೂ ಸೈನು ಹಾಕಲು ಬಂದರೆ, ಕಾಫಿ ಕುಡಿದು ಬನ್ನಿ ಎಂದು ಭಾವ ಕಳಿಸುತ್ತಿದ್ದರಂತೆ.

ಆಮೇಲೆ ಬೆರ್ರಿಯೆಸಾ ಬಡಾವಣೆಯಲ್ಲಿ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆ. ಮುದುಕನನ್ನೂ ಕರೆದುಕೊಂಡು ಬಂದ ಭಾವ, ಸೈನು ಹಾಕದವರಿಗೆ ಪ್ರಸಾದವಿಲ್ಲ ಎಂದು ಸಾರಿದರು. ದೇವರ ಭಯವೋ ಭಾವನ ಭಯವೋ, ಎಲ್ಲರೂ ಹಾಕಿದರು. ಮುದುಕ ಹಿಗ್ಗಿ, ಇವರಲ್ಲಿ ರಿಜಿಸ್ಟರ್ಡ್ ವೋಟರ್ಸು ಎಷ್ಟು ಜನ ಎಂದು ಕೇಳಿದ. ಎಲ್ಲರದೂ ಗ್ರೀನ್ ಕಾರ್ಡು, ವೋಟು ಒಬ್ಬರಿಗೂ ಇಲ್ಲ. ಹಾಳೆ ಪೂರ್ತಿ ದಂಡ. ಮುದುಕ ನಿಟ್ಟುಸಿರಿಟ್ಟು ಇನ್ನೊಂದು ಸಲ ಪ್ರಸಾದ ಹಾಕಿಸಿಕೊಂಡ.

ಮತದಾನದಲ್ಲಿ ಲಾಟರಿ ಗೆದ್ದಿತು. ಭಾವ ಒಂದೇ ಒಂದು ಟಿಕೆಟ್ ಕೊಳ್ಳಲಿಲ್ಲ. ಮುದುಕ ಬೋರ್ಡನ್ನು ಇವರಿಗೇ ಕೊಟ್ಟು ಮಗಳ ಊರಿಗೆ ಹೋದ. ಭಾವ ಮಾತ್ರ ಖಾಲಿ ಹಾಳೆ ಸಿಕ್ಕಿಸಿಕೊಂಡು ಅದೇ ಬಾಗಿಲಿಗೆ ಹೋಗುತ್ತಲೇ ಇದ್ದರು.

"ಈಗ ಯಾವುದಕ್ಕೆ ಭಾವ, ಸೈನು?"

"ಯಾವುದಕ್ಕೂ ಇಲ್ಲ. ಬೋರ್ಡು ಕಂಡ್ರೆ ಜನ ನಿಲ್ತಾರಮ್ಮ. ನಿಂತ್ರೆ ನಾಕು ಮಾತಾಡ್ತಾರೆ. ಮನೇಲಿ ಹಗಲೆಲ್ಲ ಯಾರಿರ್ತಾರೆ ಹೇಳು."

ನನಗೆ ಆಫೀಸಿಗೆ ಲೇಟಾಗುತ್ತಿತ್ತು. ಕೀ ಹುಡುಕುತ್ತ ತಲೆಯಾಡಿಸಿದೆ.

ಅವರನ್ನು ಕಡೆಯ ಸಲ ನೋಡಿದ್ದು ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನಲ್ಲಿ, ಮೈಸೂರಿಗೇ ವಾಪಸು ಹೊರಟಾಗ. ಗೇಟಿನ ಹತ್ತಿರ ಬ್ಯಾಗಿನಿಂದ ಬೋರ್ಡು ತೆಗೆದು ನನ್ನ ಮುಂದೆ ಹಿಡಿದರು. ಹಾಳೆಯ ತುಂಬ ಯಾರ್ಯಾರದೋ ಸಹಿ. ಅವುಗಳ ಕೆಳಗೆ ನನ್ನದನ್ನೂ ಹಾಕಿದೆ.

"ಅಡ್ರೆಸ್ಸೂ ಬರಿಯಮ್ಮ," ಎಂದರು.

ಅದೇ ಮನೆಯಲ್ಲಿ ಇದ್ದವರಿಗೆ ಅದೇ ಮನೆಯ ಅಡ್ರೆಸ್ಸು. ಅವರ ಫ್ಲೈಟನ್ನು ಕರೆಯುತ್ತಿದ್ದರು. ನಾನು ಒಂದೊಂದೇ ಅಕ್ಷರವನ್ನು, ಕಾನ್ವೆಂಟಿನ ಕಾಪಿ ಬುಕ್ಕಿನಲ್ಲಿ ಬರೆದಂತೆ, ನಿಧಾನವಾಗಿ ಬರೆದೆ.