ಮೂರನೆಯ ಸಿಲಿಂಡರಿನ ಕೆಮ್ಮು

ಹಳೆಯ ಕಾರು ಇಟ್ಟುಕೊಂಡವನಿಗೆ ಸಲಹೆಗಾರರ ಬರಗಾಲ ಎಂದೂ ಬರುವುದಿಲ್ಲ. ನಾನು ಕೆಮ್ಮಿದರೆ ನಮ್ಮ ಘಾಟ್ಕೋಪರಿನ ಬಿಲ್ಡಿಂಗಿನಲ್ಲಿ ಒಬ್ಬರೂ ತಿರುಗಿ ನೋಡುವುದಿಲ್ಲ. ನನ್ನ ಕಾರು ಕೆಮ್ಮಿದರೆ ನಾಲ್ಕನೆಯ ಮಹಡಿಯ ಬಾಲ್ಕನಿಯಿಂದಲೂ ಔಷಧ ಇಳಿಯುತ್ತದೆ. "ಪೆಟ್ರೋಲ್ ಮೇ ಕಚರಾ ಹೋಗಾ" ಎಂದು ಪೆಟ್ರೋಲಿನಲ್ಲೇ ಕಸ ಕಾಣುತ್ತಾರೆ ಸೊಸೈಟಿಯ ಸೆಕ್ರೆಟರಿ. ಜನ್ಮದಲ್ಲಿ ಕಾರು ಇಟ್ಟುಕೊಳ್ಳದ ಪಕ್ಕದ ಮನೆಯವರು ಬ್ಯಾಟರಿ ಬದಲಿಸಲು ಹೇಳುತ್ತಾರೆ. ನಾನು ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸುತ್ತೇನೆ. ಏಕೆಂದರೆ ಇಂಜಿನ್ನಿನ ವಿಷಯದಲ್ಲಿ ನನ್ನ ಜ್ಞಾನ, ಅದು ಕಾರಿನ ಮುಂಭಾಗದಲ್ಲಿ ಇರುತ್ತದೆ ಎಂಬಲ್ಲಿಗೆ ಮುಗಿಯುತ್ತದೆ.

ವಾರವಿಡೀ ನಾನು ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಆಫೀಸಿಗೆ ಹೋಗುವವನು. ಕಾರು ಹೊರಡುವುದು ಶನಿವಾರ ಮಾತ್ರ, ಅದೂ ಅತ್ತೆಯವರಿಗಾಗಿ. ನನ್ನ ಹೆಂಡತಿ ಶಾಲಿನಿಯ ತಾಯಿ ನಮ್ಮ ಜೊತೆಯಲ್ಲೇ ಇದ್ದಾರೆ, ಅವರ ತಂಗಿ ಇರುವುದು ಕಾಂದಿವಲಿಯಲ್ಲಿ. ಅತ್ತೆಯವರ ಮೊಣಕಾಲು ಸ್ಟೇಷನ್ನಿನ ಮೆಟ್ಟಿಲು ಹತ್ತುವುದಿಲ್ಲ. ಟ್ಯಾಕ್ಸಿಯೊಳಗಿನ ಆ ಸುಗಂಧದ ಡಬ್ಬಿಯ ವಾಸನೆಗೆ ಅವರಿಗೆ ಪಕ್ಕದ ವಿಕ್ರೋಲಿ ಬರುವುದರೊಳಗೆ ತಲೆ ಸುತ್ತುತ್ತದೆ. ನಮ್ಮ ಮುದಿ ಕಾರಿನಲ್ಲಿ ಮಾತ್ರ, ಕಿಟಕಿ ಇಳಿಸಿ, ಉಡುಪಿಯ ಕಡೆಯ ಯಾವುದೋ ಭಜನೆ ಗುನುಗುತ್ತಾ ರಾಣಿಯ ಹಾಗೆ ಕುಳಿತುಕೊಳ್ಳುತ್ತಾರೆ. ಅಕ್ಕತಂಗಿಯರು ಸೇರಿದರೆ ತುಳುವಿನಲ್ಲಿ ಜಗಳವಾಡಿ, ನಕ್ಕು, ಕಣ್ಣೊರೆಸಿಕೊಂಡು, ಸಂಜೆ ಮತ್ತೆ ಜಗಳವಾಡಿ ಬೀಳ್ಕೊಳ್ಳುತ್ತಾರೆ. ಆ ಶನಿವಾರಗಳು ನನಗೂ ಇಷ್ಟ. ಚಿಕ್ಕತ್ತೆಯ ಮನೆಯ ನೀರುದೋಸೆ ಅದಕ್ಕೆ ಒಂದು ಕಾರಣ ಎಂಬುದನ್ನು ಅಲ್ಲಗಳೆಯುವುದಿಲ್ಲ.

ಇಂಥ ಕಾರು ಒಂದು ಶನಿವಾರ ಸಿಗ್ನಲ್‌ನಲ್ಲಿ ನಿಂತಲ್ಲೇ ಗಡಗಡ ನಡುಗಿತು. ಭಾಂಡುಪ್‌ನಲ್ಲಿ ಗ್ಯಾರೇಜು ಇಟ್ಟಿರುವ ವಿಜಯಪುರದ ಬಸಪ್ಪ ಬಾನೆಟ್ ಎತ್ತಿ, ಒಂದೊಂದೇ ಸ್ಪಾರ್ಕ್ ಪ್ಲಗ್ಗಿನ ಸಂಪರ್ಕ ಕಿತ್ತು ನೋಡಿದ. ಮೂರನೆಯದನ್ನು ಕಿತ್ತಾಗ ಇಂಜಿನ್ನಿಗೆ ಏನೂ ಅನ್ನಿಸಲಿಲ್ಲ. "ಈ ಮೂರನೇದು ಮಿಸ್ಸಿಂಗ್ ಮಾಡಾಕತ್ತೈತ್ರಿ" ಎಂದ. ನಾಲ್ಕು ಸಿಲಿಂಡರುಗಳಲ್ಲಿ ಮೂರನೆಯದು ಕೆಲಸ ಮಾಡುತ್ತಿಲ್ಲ, ನಾಲ್ವರು ಸೇರಿ ಕಪಾಟು ಎತ್ತುವಾಗ ಒಬ್ಬ ಸುಮ್ಮನೆ ಕೈಯಿಟ್ಟು ಮುಕ್ಕರಿಸಿದ ಹಾಗೆ ಎಂದು ಅರ್ಥ. ಹಿಂದಿನ ಸೀಟಿನಿಂದ ಇಳಿದು ಬಂದ ಅತ್ತೆ "ಎಲ್ಲಿ, ಎಲ್ಲಿ ತೊಂದರೆ?" ಎಂದು ಕೇಳಿದರು. ಬಸಪ್ಪ ಬೆರಳಿಟ್ಟು ತೋರಿಸಿದ. ಹೊಸ ಪ್ಲಗ್ಗು ಹಾಕಿದ ಮೇಲೆ ಕಾರು ಹಸುವಿನಂತೆ ಶಾಂತವಾಯಿತು.

ಮುಂದಿನ ಶನಿವಾರ ಮತ್ತೆ ಅದೇ ಕೆಮ್ಮು. ಮಜಾ ಏನೆಂದರೆ, ಕಾಂದಿವಲಿಗೆ ಹೋಗಿಬಂದು ಭಾನುವಾರ ಗ್ಯಾರೇಜಿಗೆ ಒಯ್ದರೆ ಕಾರಿಗೆ ಏನೂ ಆಗಿಲ್ಲ. ಬಸಪ್ಪ ಕಾಯಿಲ್ ಬದಲಿಸಿದ, ಇಂಜೆಕ್ಟರ್ ತೊಳೆದ, ಕೊನೆಗೆ ತನ್ನ ತಲೆಯನ್ನೇ ಕೆರೆದುಕೊಂಡ. "ಬರೇ ಶನಿವಾರ ಅಷ್ಟ ಹಿಂಗಾಗ್ತೈತಂದ್ರ ಶನಿದೇವರಿಗೆ ಎಣ್ಣಿ ಹಾಕ್ರಿ" ಎಂದ. ಅಷ್ಟರಲ್ಲಿ ಕಾರಿನ ಫಿಟ್‌ನೆಸ್ ಪರೀಕ್ಷೆ ಹತ್ತಿರ ಬಂದಿತ್ತು. ಶಾಲಿನಿ ತೀರ್ಪು ಕೊಟ್ಟಳು: "ರೀ, ಪಾಸಾದ್ರೆ ಇರ್ಲಿ, ಇಲ್ಲಾಂದ್ರೆ ಗುಜರಿಗೆ. ನನ್ನಿಂದ ಆ ನಡುಕ ಸಹಿಸ್ಲಿಕ್ಕಾಗುದಿಲ್ಲ." ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿ, "ಇದೊಂದು ಹೋದ್ರೆ ಕಾಂದಿವಲಿಯೂ ಒಂದೇ, ಕಾಶಿಯೂ ಒಂದೇ ನನಗೆ" ಎಂದರು.

ಪರೀಕ್ಷೆಯ ಹಿಂದಿನ ಶನಿವಾರ, ಅದೇನು ಹುಕಿ ಬಂತೋ, ಕಾರು ಚಾಲೂ ಮಾಡುವ ಮೊದಲೇ ನಾನು ಬಾನೆಟ್ ಎತ್ತಿದೆ. ಇರುವೆಗಳ ಸಾಲೊಂದು ಶಿಸ್ತಾಗಿ ನಡೆದು ಮೂರನೆಯ ಪ್ಲಗ್ಗಿನ ಗುಂಡಿಯೊಳಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಒಂದು ದಾಸವಾಳದ ಎಸಳು, ಚಿಟಿಕೆ ಕುಂಕುಮ. ಕಾರನ್ನು ಹಾಗೆಯೇ ನಡುಗಿಸಿಕೊಂಡು ಭಾಂಡುಪ್‌ಗೆ ಓಡಿದೆ. ಬಸಪ್ಪ ಬಹಳ ಹೊತ್ತು ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದ. "ಸಾಹೇಬ್ರ, ಎಂಥೆಂಥಾ ಇಂಜಿನ್ ನೋಡೇನ್ರಿ. ಇರಿವಿ ಹತ್ತಿದ್ದ ಇದೇ ಮೊದಲ. ನಿಮ್ಮ ಗಾಡಿಗೆ ಸಕ್ರಿ ಜಡ್ಡು ಬಂದೈತ್ರಿ."

ವಿಚಾರಿಸಿದಾಗ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಎಲ್ಲ ಬಿಡಿಸಿ ಹೇಳಿದ. ಅತ್ತೆ ಶುಕ್ರವಾರ ಕಾರಿಗೆ ಹೂವಿಡುತ್ತಾರೆಂದು ನನಗೆ ಗೊತ್ತಿತ್ತು. ಆದರೆ ಬಸಪ್ಪ ಬೆರಳಿಟ್ಟು ತೋರಿಸಿದ ದಿನದಿಂದ, ಪ್ರತಿ ಶುಕ್ರವಾರ ನಾನು ಆಫೀಸಿಗೆ ಹೋದ ಮೇಲೆ, ಅವನಿಂದಲೇ ಬಾನೆಟ್ ತೆರೆಸಿ, ಕಾಯಿ ಒಡೆದು, ಅದರ ನೀರನ್ನು ನೇರವಾಗಿ ತೊಂದರೆಯ ಜಾಗಕ್ಕೇ ಪ್ರೋಕ್ಷಣೆ ಮಾಡುತ್ತಿದ್ದರಂತೆ. ಪ್ಲಗ್ಗಿನ ಮೇಲಿನ ರಬ್ಬರು ಹಳತಾಗಿ ಬಿರುಕುಬಿಟ್ಟಿತ್ತು. ತೀರ್ಥ ಒಳಗಿಳಿದು, ಶನಿವಾರವಿಡೀ ಕೆಮ್ಮಿಸಿ, ಇಂಜಿನ್ನಿನ ಬಿಸಿಗೆ ಆರಿಹೋಗುತ್ತಿತ್ತು. ಕೆಮ್ಮು ಜಾಸ್ತಿಯಾದಷ್ಟೂ ಪೂಜೆ ಜಾಸ್ತಿ, ಪೂಜೆ ಜಾಸ್ತಿಯಾದಷ್ಟೂ ಕೆಮ್ಮು.

ಬಸಪ್ಪ ಹೊಸ ರಬ್ಬರು ಹಾಕಿದ. ಆದರೆ ಅತ್ತೆಗೆ ಹೇಳುವವರು ಯಾರು? "ನಿಮ್ಮ ಭಕ್ತಿಯಿಂದಲೇ ಕಾರು ಗುಜರಿಗೆ ಹೊರಟಿದೆ" ಎಂದು ಆ ಮುಖ ನೋಡಿ ಹೇಳಲು ನನ್ನಿಂದಾಗದು. ಶಾಲಿನಿ "ನೀವೇ ಹೇಳಿ, ಅಳಿಯ ಹೇಳಿದ್ರೆ ಅಮ್ಮ ಕೇಳ್ತಾರೆ" ಎಂದು ಜಾರಿಕೊಂಡಳು. ಕೊನೆಗೆ ನಾನು ಅತ್ತೆಯ ಎದುರು ಕುಳಿತು, ಡಾಕ್ಟರರ ಧಾಟಿಯಲ್ಲಿ, "ಇಂಜಿನ್ ಪೂರಾ ಗುಣವಾಯ್ತು ಅತ್ತೆ. ಆದರೆ ತೊಂದರೆ ಈಗ ಹಿಂದೆ ಡಿಕ್ಕಿಗೆ ಹೋಗಿದೆ, ಸ್ಟೆಪ್ನಿ ಹತ್ತಿರ. ಇನ್ನು ಅಲ್ಲೇ ಪೂಜೆ ಮಾಡಿದರೆ ಸಾಕು" ಎಂದೆ. ಸ್ಟೆಪ್ನಿ ಎಂದರೇನೆಂದು ಕೇಳಿದರು. ಪಂಕ್ಚರಾದಾಗ ಹಾಕುವ ಐದನೆಯ ಚಕ್ರ ಎಂದೆ. ಅವರು ನನ್ನನ್ನು ಪೂರ್ತಿ ನಂಬಿದರು.

ಕಾರು ಪರೀಕ್ಷೆಯಲ್ಲಿ ಪಾಸಾಯಿತು. ಅದರ ಶ್ರೇಯಸ್ಸನ್ನು ಅತ್ತೆ ದೇವರಿಗೂ, ಶಾಲಿನಿ ಬಸಪ್ಪನಿಗೂ ಕೊಟ್ಟರು. ನಾನು ಗುಟ್ಟಾಗಿ ನನ್ನ ಜಾಣತನಕ್ಕೆ ಕೊಟ್ಟುಕೊಂಡೆ. ಪ್ರತಿ ಶುಕ್ರವಾರ ಡಿಕ್ಕಿಯ ಕಾರ್ಪೆಟ್ ಎತ್ತಿಸಿ ಕಾಯಿನೀರಿನ ಪ್ರೋಕ್ಷಣೆ ನಡೆಯಿತು, ಪ್ರತಿ ಶನಿವಾರ ಕಾಂದಿವಲಿಯಲ್ಲಿ ಜಗಳ, ನಗು, ನೀರುದೋಸೆ. ಹೀಗೆ ಒಂದು ಮಳೆಗಾಲವೂ ಕಳೆಯಿತು.

ಮೊನ್ನೆ ಪವಾಯಿ ಹತ್ತಿರ ಟೈರು ಠುಸ್ಸೆಂದಿತು. ಡಿಕ್ಕಿ ತೆರೆದೆ. ಸ್ಟೆಪ್ನಿಯನ್ನು ಹಿಡಿದಿಟ್ಟಿರುವ ನಟ್ಟು ತುಕ್ಕು ಹಿಡಿದು ಬೋಲ್ಟಿಗೆ ಕಚ್ಚಿಕೊಂಡಿತ್ತು, ಸುತ್ತ ಕುಂಕುಮದ ಕೆಸರು, ಆ ಹಳೆಯ ಇರುವೆಗಳ ಬಂಧುಬಳಗ. ಪಾನಾ ಹಾಕಿ ತಿರುವಿದೆ, ಜೋತುಬಿದ್ದೆ, ಜಪ್ಪಯ್ಯ ಎಂದರೂ ಅದು ಅಲುಗಲಿಲ್ಲ. ಅತ್ತೆ ನಿಧಾನವಾಗಿ ಇಳಿದು ಬಂದು ಪಕ್ಕದಲ್ಲಿ ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಮೇಲೆ ಮರುಕವೇ ಇತ್ತು.

"ತೊಂದರೆ ಇಲ್ಲಿಗೆ ಬಂದಿದೆ ಅಂತ ನೀವೇ ಹೇಳಿದ್ದಲ್ವಾ? ಇಷ್ಟು ಸಮಯ ನಾನೊಬ್ಬಳೇ ನೋಡಿಕೊಂಡದ್ದು. ನೀವೊಮ್ಮೆ ಬಸಪ್ಪನಿಗೆ ತೋರಿಸ್ಬಾರ್ದಿತ್ತಾ ಮಾರಾಯ್ರೆ?"

ನಾನು ಡಿಕ್ಕಿಯ ಮುಂದೆ ಮಂಡಿಯೂರಿ, ತಲೆಬಾಗಿಸಿ, ಮತ್ತೆ ಪಾನಾ ಹಾಕಿದೆ. ಹಾದುಹೋಗುವವರಿಗೆ ಪೂಜೆಗೆ ಕುಳಿತವನಂತೆ ಕಂಡಿರಬೇಕು.