ಮೂರು ವಾಲ್ವ್ ನುಂಗಿದ ಬೈಕು

ಒಂದಾನೊಂದು ಊರಿನಲ್ಲಿ ಒಬ್ಬ ಗುಮಾಸ್ತನಿದ್ದ. ರಾಜನಿಗೆ ಪಟ್ಟದ ಕುದುರೆ ಇದ್ದ ಹಾಗೆ ಅವನಿಗೊಂದು ಸೆಕೆಂಡ್ ಹ್ಯಾಂಡ್ ಬೈಕಿತ್ತು. ಕುದುರೆ ಹುಲ್ಲು ತಿಂದರೆ ಈ ಬೈಕು ವಾಲ್ವ್ ತಿನ್ನುತ್ತಿತ್ತು. ಐದು ತಿಂಗಳಲ್ಲಿ ಮೂರು!

ಬೈಕು ತಂದ ದಿನವೇ ಹೆಂಡತಿಗೆ, "ಒಂದೇ ವಾರದಲ್ಲಿ ನಿನಗೂ ಓಡಿಸೋದು ಕಲಿಸ್ತೀನಿ" ಎಂದು ಮಾತು ಕೊಟ್ಟಿದ್ದ. ಆಸ್ಪತ್ರೆಯ ಡ್ಯೂಟಿಗೆ ದಿನಾ ಬಸ್ಸಿನ ಹಿಂದೆ ಓಡುವ ನರ್ಸಮ್ಮ ಆಕೆ. ಈ ಭಾನುವಾರ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇವತ್ತು ಸಂಜೆಯೊಳಗೆ ಕಲಿಸದಿದ್ರೆ ನಾಳೆ ಅದು ಗುಜರಿಗೆ. ನೋಡ್ತಾ ಇರಿ!"

ಗುಮಾಸ್ತ ಎದ್ದೆನೋ ಬಿದ್ದೆನೋ ಎಂದು ಬೈಕು ರಿಪೇರಿಗೆ ಬಿಟ್ಟಿದ್ದ ಗ್ಯಾರೇಜಿಗೆ ಓಡಿದ. ಹೊಸ ವಾಲ್ವ್ ಆಗಲೇ ಕೂರಿಸಿಯಾಗಿತ್ತು. ಮೆಕ್ಯಾನಿಕ್ ಹಳೆಯದನ್ನು ಬೆಳಕಿಗೆ ಹಿಡಿದ. ಇಲಿ ಕಡಿದ ಬಿಸ್ಕತ್ತಿನಂತೆ ಅಂಚು ಸುಟ್ಟುಹೋಗಿತ್ತು.

"ಪೆಟ್ರೋಲಿಗೆ ನೀರು ಬೆರೆಸ್ತಾರೆ" ಎಂದ, ಸುಮ್ಮನೆ ಬಂದು ಕೂತಿದ್ದ ಪಕ್ಕದ ಮನೆಯ ದರ್ಜಿ. "ಇಲ್ಲಾಂದ್ರೆ ಪಾಪ, ಬೈಕು ಹಿಂದಿನ ಯಜಮಾನನ ನೆನಪಿನಲ್ಲಿ ಕೊರಗ್ತಿರಬೇಕು."

"ನೀವು ಸುಮ್ನಿರಿ!" ಮೆಕ್ಯಾನಿಕ್ ಗದರಿದ. "ಸಾರ್, ವಾಲ್ವ್ ಅಂದ್ರೆ ಎಂಜಿನ್ನಿನ ಬಾಗಿಲು. ಬಿಸಿಯಾದಾಗ ಒಂಚೂರು ಉದ್ದ ಆಗುತ್ತೆ. ಅದಕ್ಕೇ ಮೇಲೆ ಕೂದಲೆಳೆಯಷ್ಟು ಸಂದು ಬಿಟ್ಟಿರ್ತೀನಿ. ಸಂದಿಲ್ಲದಿದ್ರೆ ಅದು ಪೂರ್ತಿ ಮುಚ್ಚಲ್ಲ, ಬೆಂಕಿ ನುಗ್ಗಿ ಸುಡುತ್ತೆ. ಪ್ರತಿ ಸಲ ಬಿಚ್ಚಿ ನೋಡಿದ್ರೂ ಸಂದು ಮಾಯ! ಯಾರೋ ಕೈಯಾಡಿಸ್ತಿದ್ದಾರೆ."

ಹಾಗೆಂದವನೇ ಸಂದನ್ನು ಹಿಡಿದಿಡುವ ಸ್ಕ್ರೂಗೂ ಅದರ ನಟ್ಟಿಗೂ ಅಡ್ಡವಾಗಿ ಕೆಂಪು ಬಣ್ಣದ ಗೆರೆ ಎಳೆದು ಮುಚ್ಚಳ ಹಾಕಿದ. "ಯಾರಾದ್ರೂ ತಿರುಗಿಸಿದ್ರೆ ಗೆರೆ ತುಂಡಾಗುತ್ತೆ. ಮನೆ ಮುಂದೆ ನಿಲ್ಲಿಸಿ. ಮೂರು ಗಂಟೆಗೆ ಬರ್ತೀನಿ."

ಗುಮಾಸ್ತ ಕಿಟಕಿಯ ಪರದೆಯ ಹಿಂದೆ ಪತ್ತೇದಾರನಂತೆ ಹೊಂಚುಹಾಕಿ ಕೂತ. ಭಾನುವಾರದ ಮಧ್ಯಾಹ್ನ, ಹೊಟ್ಟೆ ತುಂಬ ಊಟ. ಪತ್ತೇದಾರ ಕೂತಲ್ಲೇ ಗೊರಕೆ ಹೊಡೆದ.

ಮೂರಕ್ಕೆ ಮೆಕ್ಯಾನಿಕ್ ಬಂದು ಮುಚ್ಚಳ ತೆಗೆದ. ಕೆಂಪು ಗೆರೆ ಎರಡು ತುಂಡಾಗಿ ಆಚೆಗೊಂದು ಈಚೆಗೊಂದು ನಿಂತಿತ್ತು. ಇಣುಕಲು ಬಂದ ದರ್ಜಿಯ ಕೊರಳಪಟ್ಟಿ ಗುಮಾಸ್ತನ ಕೈಗೆ ಸಿಕ್ಕಿತು.

"ಅಯ್ಯೋ, ಸೂಜಿ ಬಿಟ್ಟು ಬೇರೇನೂ ಮುಟ್ಟಿದವನಲ್ಲ ಮಾರಾಯ್ರೇ!"

"ಅಳಿಯಂದಿರೇ, ಆ ಬಡಪಾಯಿನ ಬಿಡಿ." ಮಾಳಿಗೆಯ ಕಿಟಕಿಯಿಂದ ಮಾವನವರ ದನಿ ಕೇಳಿತು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ಈಗ ಮಗಳ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದವರು. "ಅದನ್ನ ಸರಿಮಾಡಿದ್ದು ನಾನು."

"ನೀವಾ?!"

"ಜೀವಮಾನವೆಲ್ಲ ಟಿಕ್ ಟಿಕ್ ಕೇಳಿ ಕಿವಿ ತೂತುಬಿದ್ದಿದೆ. ಈಗಲೂ ಕಿಟಕಿ ಕೆಳಗೆ ಬೈಕಿನ ಟಿಕ್ ಟಿಕ್ಕಾ? ಒಂಚೂರು ಬಿಗಿ ಮಾಡಿದೆ, ಬೆಣ್ಣೆ ಹಾಗಾಯ್ತು. ನೀವು ಗ್ಯಾರೇಜಿನಿಂದ ತಂದಾಗಲೆಲ್ಲ ನಾನೇ ಮಾಡಿದ್ದು. ಹೇಳಿಕೊಳ್ಳಲಿಲ್ಲ, ಅಷ್ಟೇ!"

ಬೈಯೋಣವೆಂದರೆ ಹೆಣ್ಣು ಕೊಟ್ಟ ಮಾವ. ನಗೋಣವೆಂದರೆ ಮೂರು ವಾಲ್ವ್. ಆದರೂ ತಲೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಅವನ ಬೈಕು ಗುಜರಿಯಲ್ಲ!

"ಅಜ್ಜಾರೇ, ಸಂದಿದ್ರೆ ಟಿಕ್ ಟಿಕ್ ಅನ್ನಲೇಬೇಕು. ಆ ಸದ್ದೇ ಇದರ ನಾಡಿ" ಎನ್ನುತ್ತ ಮೆಕ್ಯಾನಿಕ್ ಸಂದನ್ನು ಮತ್ತೆ ಸರಿಮಾಡಿದ. ಮಾವ ಪೆಚ್ಚಾಗಿ ತಮ್ಮ ಪುಟ್ಟ ಸ್ಕ್ರೂಡ್ರೈವರನ್ನು ಕೆಳಗೆ ಎಸೆದರು. "ಮೊದಲೇ ಹೇಳಬಾರದಿತ್ತೇ?"

ಸಂಜೆ ಮೈದಾನದಲ್ಲಿ ಹೆಂಡತಿ ಮೊದಲು ಕಪ್ಪೆಯಂತೆ ಕುಪ್ಪಳಿಸಿದಳು, ಆಮೇಲೆ ಪೊದೆಗೆ ನುಗ್ಗಿದಳು, ಏಳನೇ ಸುತ್ತಿಗೆ ಬಿಟ್ಟ ಬಾಣದಂತೆ ಹೋಗಿ ಬಂದಳು. ಗುಮಾಸ್ತ ಮದುಮಗನಂತೆ ಬೀಗಿದ.

"ಅಪ್ಪಾ, ಹತ್ತು!" ಎಂದಳು ಆಕೆ. ನೋಡಲು ಬಂದಿದ್ದ ಮಾವ ಟಣ್ಣನೆ ಹಾರಿ ಹಿಂದೆ ಕೂತರು. ಅರ್ಧ ಸುತ್ತಿನಲ್ಲೇ ಅವರ ಕೂಗು: "ಅಳಿಯಂದಿರೇ! ಇಲ್ಲಿ ಕೂತ್ರೆ ಟಿಕ್ ಟಿಕ್ ಕೇಳಲ್ಲ, ಬರೀ ಗಾಳಿ ಸದ್ದು! ಈ ಸೀಟು ಇನ್ಮೇಲೆ ನನ್ನದು!"

"ಮುಂದಿನದು ನನ್ನದು!" ಎಂದಳು ಮಗಳು. "ರೀ, ನಿಧಾನಕ್ಕೆ ಬನ್ನಿ, ಬಾಗಿಲು ತೆಗೆದಿರ್ತೀನಿ."

ಬೈಕು ತಿರುವಿನಲ್ಲಿ ಮರೆಯಾಯಿತು. ಗುಮಾಸ್ತ ನಿಟ್ಟುಸಿರುಬಿಟ್ಟು, ಪ್ಯಾಂಟಿನ ಧೂಳು ಕೊಡವಿ, ಮನೆಯ ಕಡೆ ನಡೆಯತೊಡಗಿದ. ಐದು ತಿಂಗಳ ಹಿಂದೆ ಕೊಟ್ಟ ಮಾತು ಅಂತೂ ಇಂತೂ ಈಡೇರಿತ್ತು.