ಗೋಡೆ ತೆಗೆದ ದಿನ

ಗುಮಾಸ್ತನ ಕಷ್ಟಕ್ಕೆಲ್ಲ ಒಂದು ಲವಂಗವೇ ಮೂಲ.

ಅವನ ಟಪಾಲು ವಿಭಾಗಕ್ಕೂ ಪಕ್ಕದ ದಾಖಲೆ ವಿಭಾಗಕ್ಕೂ ನಡುವೆ ಒಂದು ಹಲಗೆಯ ಗೋಡೆ. ಅದರಲ್ಲಿ ಫೈಲು ದಾಟಿಸಲು ಕೈ ತೂರುವಷ್ಟು ಒಂದು ಕಿಂಡಿ. ಇವರ ಬಾಗಿಲು ಮುಂದಿನ ಬೀದಿಗೆ, ಅವರದು ಹಿಂದಿನ ಬೀದಿಗೆ. ಹೀಗಾಗಿ ಹನ್ನೆರಡು ವರ್ಷದಲ್ಲಿ ಗುಮಾಸ್ತ ಆ ಕಡೆಯ ಮೇಡಂನ ಧ್ವನಿ ಕೇಳಿದ್ದ, ಸೀಲಿನ ಶಾಯಿ ಅಂಟಿ ನೀಲಿಯಾದ ಬೆರಳು ಕಂಡಿದ್ದ, ಅಷ್ಟೇ. ಒಮ್ಮೆ ಅವನು ಕೆಮ್ಮಿದಾಗ ಆ ಕಡೆ ಡ್ರಾಯರ್ ಎಳೆದ ಸದ್ದಾಗಿ, ಮುಂದಿನ ಫೈಲಿನ ಮೇಲೆ ಒಂದು ಲವಂಗ ಬಂತು. ಅಂದಿನಿಂದ ಆ ಬ್ರಹ್ಮಚಾರಿಯ ಕೆಮ್ಮು ವಾಸಿಯೇ ಆಗಲಿಲ್ಲ.

ಒಂದು ಸೋಮವಾರ ಬಂದು ನೋಡಿದರೆ ಗೋಡೆಯೇ ಇಲ್ಲ! ಹೊಸ ಸಾಹೇಬರು ಎರಡೂ ವಿಭಾಗಗಳನ್ನು ಒಂದು ಮಾಡಿಬಿಟ್ಟಿದ್ದರು.

"ಇನ್ಮೇಲೆ ನಾವೆಲ್ಲ ಒಂದೇ ಮನೆಯವರು," ಎಂದರು ಸಾಹೇಬರು. ಹತ್ತೇ ನಿಮಿಷದಲ್ಲಿ ಮನೆ ಒಡೆಯಿತು.

ಆ ಕಡೆಯವರು ಫ್ಯಾನ್ ಜೋರು ಮಾಡಿದರು, ಈ ಕಡೆಯ ಟಪಾಲೆಲ್ಲ ಹಾರಿತು. ಅವರ ಗಡಿಯಾರ ಐದು ನಿಮಿಷ ಮುಂದೆ, ಇವರದು ಐದು ನಿಮಿಷ ಹಿಂದೆ. ಊಟದ ಹೊತ್ತಿಗೆ ದೊಡ್ಡ ರಂಪ. "ನಮ್ಮ ಗಡಿಯಾರಕ್ಕೆ ಮೂವತ್ತು ವರ್ಷ ಸರ್ವೀಸ್ ಆಗಿದೆ ರೀ! ಅದನ್ನ ಮುಟ್ಟಿದ್ರೆ ನೋಡಿ!" ಎಂದು ಈ ಕಡೆಯ ಹೆಡ್ ಕ್ಲಾರ್ಕ್ ಕುರ್ಚಿ ಹತ್ತಿ ಕಾವಲು ನಿಂತ.

ಗುಮಾಸ್ತನಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ಎದುರಿನ ಮೇಜಿನ ಮೇಲೆ ಆ ನೀಲಿ ಬೆರಳುಗಳಿದ್ದವು. ಅವುಗಳ ಹಿಂದೆ, ದೇವರೇ, ಒಂದು ಮುಖವೂ ಇತ್ತು. ಅದು ನಗುತ್ತಿತ್ತು.

"ಇವತ್ತು ಕೆಮ್ಮಿಲ್ವಾ?" ಎಂದಳು ಆಕೆ.

ಕಿಂಡಿಯಲ್ಲಾಗಿದ್ದರೆ ಹತ್ತು ಮಾತು ಆಡುತ್ತಿದ್ದ. ಮುಖ ಕಂಡದ್ದೇ ಕಣ್ಣನ್ನು ಫೈಲಿಗೆ ಇಳಿಸಿದ. "ಆ ಫೈಲು... ಎರಡು ಪ್ರತಿ ಬೇಕಾಗಿತ್ತು," ಎಂದ. ಆಕೆ ನಗು ನಿಲ್ಲಿಸಿ ಎರಡು ಪ್ರತಿ ಕೊಟ್ಟಳು. ಲವಂಗ ಬರಲಿಲ್ಲ. ಆ ಕಿಂಡಿಯೊಂದು ಮತ್ತೆ ಸಿಕ್ಕರೆ ಸಾಕು ಎಂದು ಅವನ ಜೀವ ಹಂಬಲಿಸಿತು.

ಮಧ್ಯಾಹ್ನ ಸಾಹೇಬರು ತಲೆ ಹಿಡಿದುಕೊಂಡು ಅವನನ್ನು ಕರೆದರು. "ಜಗಳ ಆಡ್ದೇ ಇರೋರು ನೀವೊಬ್ರೇ ಕಣ್ರೀ. ಇದಕ್ಕೆಲ್ಲ ಕಾರಣ ಏನು ಅಂತ ಬರೆದುಕೊಡಿ."

ಗುಮಾಸ್ತ ಮನಸ್ಸಿಟ್ಟು ಬರೆದ. ಜಗಳ ಫ್ಯಾನಿನದೂ ಅಲ್ಲ, ಗಡಿಯಾರದ್ದೂ ಅಲ್ಲ. ಯಾರನ್ನೂ ಒಂದು ಮಾತು ಕೇಳದೆ ಅವರವರ ಜಾಗ ಕಿತ್ತುಕೊಂಡದ್ದರಿಂದ ಎಲ್ಲರಿಗೂ ದಿಗಿಲಾಗಿದೆ. ಗೋಡೆ ಮೊದಲಿನಂತಾದರೆ ಎಲ್ಲವೂ ಸರಿಹೋಗುತ್ತದೆ.

ಸಾಹೇಬರು ಓದಿ ಬೆನ್ನು ತಟ್ಟಿದರು. ಮೂರಕ್ಕೆ ಬಡಗಿ ಬಂದ, ಐದಕ್ಕೆ ಗೋಡೆ ಎದ್ದು ನಿಂತಿತ್ತು. ಈ ಸಲ ಹೇಳಬೇಕಾದ್ದನ್ನೆಲ್ಲ ಹೇಳಿಯೇಬಿಡುವುದೆಂದು ಗುಮಾಸ್ತ ಬಗ್ಗಿದ. ಹಣೆ ಹಲಗೆಗೆ ಬಡಿಯಿತು.

"ಕಿಂಡಿ ಎಲ್ಲಯ್ಯಾ?"

"ಸಾಹೇಬ್ರು ಬೇಡ ಅಂದ್ರು ಸಾರ್," ಎಂದ ಬಡಗಿ. "ಜಗಳ ಅದ್ರಲ್ಲೂ ನುಸುಳುತ್ತಂತೆ."

ಹೊರಟಿದ್ದ ಸಾಹೇಬರು ಬಾಗಿಲಲ್ಲಿ ನಿಂತರು. "ಅಂದ ಹಾಗೆ, ಯಾರನ್ನೂ ಕೇಳಿಲ್ಲ ಅಂತ ಬರೆದಿದ್ರಲ್ಲ, ಅದು ತಪ್ಪು. ಗೋಡೆ ತೆಗೀರಿ ಅಂತ ಆ ಕಡೆಯ ಮೇಡಂ ಮೂರು ಸಲ ಅರ್ಜಿ ಕೊಟ್ಟಿದ್ರು. ‘ಹನ್ನೆರಡು ವರ್ಷದಿಂದ ಬರೀ ಕೆಮ್ಮು ಕೇಳ್ತಿದೀನಿ, ಕೆಮ್ಮೋರ ಮುಖ ನೋಡಿಲ್ಲ’ ಅಂತ. ತಮಾಷೆಯ ಹೆಂಗಸು!"

ಗುಮಾಸ್ತ ಬಾಗಿಲ ಕಡೆ ನೋಡಿದ. ಹಿಂದಿನ ಬೀದಿಗೆ ಸುತ್ತಿಕೊಂಡು ಓಡೋಣವೆಂದರೆ, ಅಲ್ಲಿ ಮತ್ತೆ ಆ ಮುಖವಿರುತ್ತದೆ. ಅವನು ಕುಳಿತಲ್ಲೇ, ಹಲಗೆಗೆ ಬಾಯಿಟ್ಟು, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೆಮ್ಮಿದ.

ಆ ಕಡೆ ಡ್ರಾಯರ್ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು, ಅದನ್ನು ಮುಚ್ಚಿದ ಸದ್ದು.